ಮನೆ ಇಲ್ಲದ ಗುಂಡಿಗಳು

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದಿದ್ದರೆ ನಮ್ಮ ಶಾಲೆಯ ಸೀಟಿ ಮೇಷ್ಟ್ರನ್ನು ಕೇಳಿ. ‘ಹೌದು’ ಎಂದರೆ ನಿಜ. ‘ಛೆ ಛೆ, ಹಾಗೇನೂ ಆಗೇ ಇಲ್ಲ’ ಎಂದು ಎರಡೂ ಕೈ ಆಡಿಸಿದರೆ ಇನ್ನೂ ನಿಜ.

ಸೀಟಿ ಮೇಷ್ಟ್ರು ಎಂದರೆ ನಮ್ಮ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸದಾ ಸೀಟಿ. ಬಾಯಲ್ಲಿ ಸೀಟಿ ಇಲ್ಲದ ಹೊತ್ತಿನಲ್ಲಿ ಬೇರೆ ಯಾರದೋ ದನಿ ಇರುತ್ತದೆ. ಶಾಲೆಯ ಗೇಟು ಕಿರುಗುಟ್ಟುವುದು, ನೀರಿನ ಪಂಪು ಕೆಮ್ಮಿ ಕೆಮ್ಮಿ ಶುರುವಾಗುವುದು, ಗುಮಾಸ್ತರು ಫೋನಿನಲ್ಲಿ ‘ಹಲೋ ಹಲೋ ಕೇಳಿಸ್ತಾ ಇಲ್ಲ’ ಎಂದು ಬೇಕೆಂದೇ ಕಿವುಡಾಗುವುದು, ಎಲ್ಲವೂ ಅವರ ಗಂಟಲಲ್ಲಿ ಬಾಡಿಗೆಗೆ ಇವೆ. ಆದರೆ ಅವರ ಹೆಚ್ಚುಗಾರಿಕೆ ಇರುವುದು ದೊಡ್ಡ ಮೇಡಂ ಅವರನ್ನು ಅನುಕರಿಸುವುದರಲ್ಲಿ. ದೊಡ್ಡ ಮೇಡಂ ನಮ್ಮ ಮುಖ್ಯೋಪಾಧ್ಯಾಯಿನಿ. ಮಾತಾಡುವ ಮುನ್ನ ಗಂಟಲು ಸರಿಮಾಡಿಕೊಂಡು, ಕೈಯಲ್ಲಿರುವ ಕೀಲಿಗೊಂಚಲನ್ನು ಝಲ್ ಎನ್ನಿಸಿ, ‘ಏನಮ್ಮಾ ಇದೂ…’ ಎಂದು ಆ ‘ದೂ’ವನ್ನು ಕಾರಿಡಾರಿನ ಕೊನೆಯವರೆಗೆ ಎಳೆದುಕೊಂಡು ಹೋಗುತ್ತಾರೆ. ಸೀಟಿ ಮೇಷ್ಟ್ರು ತಮ್ಮ ಸೀಟಿಯ ಸರಪಳಿಯನ್ನೇ ಝಲ್ ಎನ್ನಿಸಿ ಇದನ್ನು ಮಾಡಿದರೆ, ಸ್ಟಾಫ್ ರೂಮಿನಲ್ಲಿ ಕಾಲು ಚಾಚಿ ಕೂತವರೆಲ್ಲ ಬಗ್ಗಿ ಚಪ್ಪಲಿ ಹುಡುಕುತ್ತಾರೆ. ನಾನು ಡ್ರಾಯಿಂಗ್ ಮೇಷ್ಟ್ರು. ಒಂದು ಸಲ ಆ ಗಾಬರಿಯಲ್ಲಿ ಚಹಾದ ಬದಲು ಬ್ರಷ್ ತೊಳೆದ ನೀರನ್ನೇ ಕುಡಿದವನು. ರುಚಿಯಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ, ಅದು ಬೇರೆ ಮಾತು.

ಇನ್ನು ಗುಂಡಿ ಮಿಸ್. ಒಂದನೇ ತರಗತಿ ಅವರದು. ಗುಂಡಿ ಎಂದರೆ ಅಂಗಿಯ ಗುಂಡಿ. ರಸ್ತೆಯ ಗುಂಡಿಗೂ ಅವರಿಗೂ ಸಂಬಂಧವಿಲ್ಲ, ಅದನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ, ನೋಡುತ್ತಲೇ ಇದ್ದಾರೆ. ಮಕ್ಕಳಿಗೆ ಕೂಡುವ ಲೆಕ್ಕವನ್ನು ಬಾಯಿಪಾಠ ಮಾಡಿಸುವುದು ಈ ಮಿಸ್‌ಗೆ ಆಗಿಬರುವುದಿಲ್ಲ. ಅವರ ಕ್ಲಾಸಿಗೆ ಹೋದರೆ ಶಾಲೆಗೆ ಬಂದೆವೋ ಹಳೇ ಸಾಮಾನಿನ ಅಂಗಡಿಗೆ ಬಂದೆವೋ ಎಂದು ಅನುಮಾನ ಬರಬೇಕು. ಮೂಲೆಯಲ್ಲಿ ಹತ್ತು ಖಾಲಿ ಬಾಟಲಿ ನಿಂತಿರುತ್ತವೆ. ಚೆಂಡು ಉರುಳಿಸಬೇಕು, ಬಿದ್ದವೆಷ್ಟು, ನಿಂತವೆಷ್ಟು ಹೇಳಬೇಕು. ಕಿಟಕಿಯ ಸರಳಿಗೆ ಕೋಟು ಹಾಕುವ ಹ್ಯಾಂಗರು ನೇತಾಡುತ್ತದೆ. ಅದರಲ್ಲಿರುವ ಹತ್ತು ಬಟ್ಟೆಯ ಕ್ಲಿಪ್ಪುಗಳಲ್ಲಿ ನಾಲ್ಕನ್ನು ಆಚೆಗೆ ಸರಿಸಿದರೆ ಈಚೆಗೆ ಉಳಿದದ್ದು ಆರು. ಒಂದು ಮುಖ ಕೆಂಪು, ಇನ್ನೊಂದು ಮುಖ ಬಿಳಿ ಬಳಿದ ಬಾಟಲಿ ಮುಚ್ಚಳಗಳಿವೆ. ಬಳಿದವನು ನಾನೇ, ಹಾಗಾಗಿ ಕೆಲವು ಗುಲಾಬಿ.

ಎಲ್ಲಕ್ಕಿಂತ ಹೆಚ್ಚು ಆಡುವುದು ‘ಮುಚ್ಚಾಟ’. ಇಬ್ಬಿಬ್ಬರು ಮಕ್ಕಳಿಗೆ ಒಂದು ಡಬ್ಬಿ, ಡಬ್ಬಿಯಲ್ಲಿ ಹತ್ತು ಗುಂಡಿ, ಒಂದು ಪ್ಲಾಸ್ಟಿಕ್ ಲೋಟ. ಒಬ್ಬರು ಕಣ್ಣು ಮುಚ್ಚಬೇಕು. ಇನ್ನೊಬ್ಬರು ಒಂದಷ್ಟು ಗುಂಡಿಗಳ ಮೇಲೆ ಲೋಟ ಕವುಚಿ, ಉಳಿದದ್ದನ್ನು ಹೊರಗೆ ಬಿಡಬೇಕು. ಕಣ್ಣು ಬಿಟ್ಟವರು ಹೊರಗಿರುವುದನ್ನು ನೋಡಿ ಒಳಗಿರುವುದನ್ನು ಹೇಳಬೇಕು. ಆರು ಕಂಡರೆ ನಾಲ್ಕು. ಎಂಟು ಕಂಡರೆ ಎರಡು. ಲೋಟ ಎತ್ತಿದರೆ ತಾಳೆ. ಬೈಯುವವರಿಲ್ಲ, ಕೆಂಪು ಮಸಿಯಿಲ್ಲ, ಸರಿಯೋ ತಪ್ಪೋ ಎಂದು ಲೋಟವೇ ಹೇಳುತ್ತದೆ.

ದೊಡ್ಡ ಮೇಡಂಗೆ ಇದು ಹಿಡಿಸಿರಲಿಲ್ಲ. ಅವರೊಮ್ಮೆ ಗುಂಡಿ ಮಿಸ್ಸನ್ನು ಕರೆಸಿ, “ಆಟ ಆಡೋಕೆ ಮೈದಾನ ಇದೆ, ಲೆಕ್ಕ ಮಾಡೋಕೆ ಕ್ಲಾಸಿದೆ. ಎರಡನ್ನೂ ಕಲಸಿ ಇದೇನಮ್ಮಾ ಮಾಡಿಟ್ಟಿದೀರಿ?” ಎಂದಿದ್ದರು. “ಒಂದಿನ ಬಂದು ಕೂತು ನೋಡ್ತೀನಿ. ಯಾವತ್ತು ಅಂತ ಹೇಳಲ್ಲ. ಲೆಕ್ಕ ಬಂದ್ರೆ ಸರಿ. ಬರಲಿಲ್ವೋ, ಈ ಡಬ್ಬಿ ಲೋಟ ಎಲ್ಲಾ ಅವತ್ತೇ ಸ್ಟೋರ್ ರೂಮಿಗೆ. ಮಕ್ಕಳ ಕೈಗೆ ಸ್ಲೇಟು.”

ಗುಂಡಿ ಮಿಸ್ ಇದನ್ನು ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಲಿಲ್ಲ, ನನಗೆ ತಿಳಿದದ್ದೂ ಎಲ್ಲ ಮುಗಿದ ಮೇಲೆ. ಅವರ ಚಿಂತೆ ಡಬ್ಬಿ ಲೋಟಗಳದ್ದಲ್ಲ, ಗಪ್‌ಚಿಪ್‌ಳದ್ದು. ಗಪ್‌ಚಿಪ್ ಎಂದು ಕ್ಲಾಸೇ ಹೆಸರಿಟ್ಟ ಒಂದು ಹುಡುಗಿ. ಸ್ಲೇಟು ಕಂಡರೆ ಬಾಯಿಗೆ ಬೀಗ. ಶಾಲೆಗೆ ಸೇರಿಸಿಕೊಳ್ಳುವ ದಿನ ದೊಡ್ಡ ಮೇಡಂ “ನಾಲ್ಕೂ ಮೂರೂ ಎಷ್ಟು ಮರೀ?” ಎಂದು ಕೇಳಿದ್ದಕ್ಕೆ, ಗಂಟೆ ಹೊಡೆಯುವವರೆಗೂ ತನ್ನ ಬೂಟು ನೋಡಿಕೊಂಡು ನಿಂತವಳು. ಮುಚ್ಚಾಟ ಶುರುವಾದ ಮೇಲೆ, ಲೋಟದ ಹತ್ತಿರ ಬಾಯಿ ತಂದು, ಒಳಗಿನ ಗುಂಡಿಗಳಿಗೆ ಮಾತ್ರ ಕೇಳಿಸುವ ಹಾಗೆ ‘ನಾಲ್ಕು’ ಎನ್ನುವಷ್ಟು ಆಗಿದ್ದಳು. ಲೋಟ ಹೋದರೆ ಆ ದನಿಯೂ ಅದರ ಜೊತೆಗೇ ಸ್ಟೋರ್ ರೂಮಿಗೆ ಹೋಗುತ್ತದೆ ಎಂಬುದು ಮಿಸ್‌ಗೆ ಗೊತ್ತಿತ್ತು.

ಸೀಟಿ ಮೇಷ್ಟ್ರಿಗೆ ಇದಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟೇ: ತಮ್ಮ ಆಟದ ಸಾಮಾನಿನ ಕೋಣೆಗೂ ಒಂದನೇ ಕ್ಲಾಸಿಗೂ ನಡುವೆ ಇರುವುದು ಬರೀ ಹಲಗೆಯ ಗೋಡೆ. ಅದರಲ್ಲಿ ಒಂದು ತೂತಿದೆ. ಆಚೆಯಿಂದ ದಿನವೂ ‘ಏಳಾ? ಮೂರು! ಐದಾ? ಐದು!’ ಎಂಬ ಕೂಗು ಕೇಳುತ್ತದೆ. ಮತ್ತು ತಮ್ಮ ಬೀರುವಿನ ತಳದಲ್ಲಿ, ಯಾವ ಕಾಲದ್ದೋ ಒಂದು ಚೀಲ ನೀಲಿ ಗುಂಡಿಗಳು ಬಿದ್ದಿವೆ.

ಒಂದು ಸಂಜೆ ಅವರು ನನ್ನ ಕೋಣೆಗೆ ಬಂದು, ಬಣ್ಣದ ಸ್ಟೂಲಿನ ಮೇಲೆ ಕೂತು ಪ್ಯಾಂಟಿಗೆ ಹಳದಿ ಮಾಡಿಕೊಂಡು, ಕಣ್ಣು ಮಿಟುಕಿಸಿದರು.

“ನಾಳೆ ಒಂದನೇ ಕ್ಲಾಸಲ್ಲಿ ಭೂಕಂಪ ಗುರುವೇ.”

“ಏನ್ ಮಾಡಿದ್ರಿ?”

“ಪ್ರತಿ ಡಬ್ಬಿಗೂ ಒಂದೊಂದು ಗುಂಡಿ ಜಾಸ್ತಿ ಹಾಕಿ ಬಂದೆ. ಹತ್ತಿದ್ದದ್ದು ಹನ್ನೊಂದಾಯ್ತಾ? ಆರು ಕಂಡ್ರೆ ನಾಲ್ಕು ಅಂತಾವೆ. ಲೋಟ ಎತ್ತಿದ್ರೆ ಐದು!” ಎಂದು, ಕೂಡಲೇ ಗುಂಡಿ ಮಿಸ್ ದನಿಗೆ ಇಳಿದು, “‘ಅಯ್ಯೋ ಮಕ್ಕಳೇ, ಇದೇನ್ರೋ, ಆರೂ ನಾಲ್ಕೂ ಹನ್ನೊಂದಾ?’ ತೂತಲ್ಲಿ ಕೂತು ನೋಡೋಣ, ಬನ್ನಿ.”

ಮಾರನೇ ದಿನ ಮೈದಾನದ ಡ್ರಿಲ್ ಮುಗಿಸಿ ಅವರು ಓಡಿ ಬಂದರು. ನಾನೂ ಹೋದೆ. ಇಬ್ಬರೂ ಹಲಗೆಗೆ ಕಿವಿ ಹಚ್ಚಿದೆವು. ಆಚೆ ಮುಚ್ಚಾಟ ಜೋರಾಗಿ ನಡೆದಿತ್ತು.

“ಆರಾ? ನಾಲ್ಕು!” ಲೋಟ ಎತ್ತಿದ ಸದ್ದು. “ಕರೆಕ್ಟು!”

“ಎರಡಾ? ಎಂಟು!” “ಕರೆಕ್ಟು!”

ಭೂಕಂಪವಿಲ್ಲ, ಒಂದು ತಟ್ಟೆಯೂ ಅಲುಗಲಿಲ್ಲ. ಸೀಟಿ ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ಹಾಕಿದ್ದು ನಿಜಾನಾ?”

“ನಿಮ್ಮಾಣೆ ಹಾಕಿದೀನಿ!”

“ನನ್ನಾಣೆ ಯಾಕೆ, ನಿಮ್ಮಾಣೆ ಹೇಳಿ.”

ಶಾಲೆ ಬಿಟ್ಟ ಮೇಲೆ ಅವರು ಹೋಗಿ ಡಬ್ಬಿಗಳನ್ನು ಬಿಚ್ಚಿ ಎಣಿಸಿದರು. ಹತ್ತು. ಇನ್ನೊಂದನ್ನು ಬಿಚ್ಚಿದರು. ಅದೂ ಹತ್ತು. ತಾವು ಹಾಕಿದ ಗುಂಡಿ ಕರಗಿ ಹೋಯಿತೇ? ಮತ್ತೆ ಒಂದೊಂದು ಹಾಕಿದರು. ಮರುದಿನ ಮತ್ತೆ ಆಚೆಯಿಂದ ಕರೆಕ್ಟು, ಕರೆಕ್ಟು. ಸಂಜೆ ಎಣಿಸಿದರೆ ಮತ್ತೆ ಹತ್ತು.

ಆಮೇಲೆ ಅವರು ಸರಿಯಾಗಿ ಊಟ ಮಾಡಲಿಲ್ಲ. ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ, ‘ಒಂದ್, ಎರಡ್’ ಎನ್ನುತ್ತಾ ಬಂದು, ನಡುವೆ ನಿಂತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ನನ್ನ ಕೋಣೆಗೆ ಬಂದು ಬ್ರಷ್ಷುಗಳನ್ನು ಎಣಿಸಿದರು.

“ಹತ್ತಕ್ಕೆ ಒಂದು ಕೂಡಿದ್ರೆ ಎಷ್ಟು?”

“ಹನ್ನೊಂದು.”

“ಖಂಡಿತಾನಾ?”

“ನನ್ನ ಡಿಗ್ರಿ ಸರ್ಟಿಫಿಕೇಟ್ ತರ್ಲಾ ಮೇಷ್ಟ್ರೇ?”

“ಡ್ರಾಯಿಂಗ್ ಡಿಗ್ರಿ ಅಲ್ವಾ ಅದು,” ಎಂದರು, ಬೇಸರದಿಂದ.

ಇಷ್ಟು ಸಾಲದೆಂಬಂತೆ ಇನ್ನೊಂದು ಗೋಜಲು ಶುರುವಾಯಿತು. ಒಂದು ಬೆಳಿಗ್ಗೆ ಗೇಟಿನ ಬಳಿ ಒಬ್ಬ ಅಪ್ಪ, ಅಂಗಿಯ ಎದೆಯ ಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದರು. “ಆಫೀಸಿಗೆ ಹೊರಟಿದೀನಿ ಸಾರ್, ನೋಡಿದ್ರೆ ಅಂಗೀಲಿ ಗುಂಡಿ ಇಲ್ಲ. ನಮ್ಮ ಮಗನ್ನ ಕೇಳಿದ್ರೆ ‘ಮಿಸ್ ಕೇಳಿದ್ರು’ ಅಂತಾನೆ. ನಿಮ್ಮ ಮಿಸ್‌ಗೆ ನಮ್ಮ ಅಂಗಿ ಗುಂಡಿ ಯಾಕೆ ಸಾರ್?” ಅವರ ಹಿಂದೆ ಒಬ್ಬ ಅಮ್ಮ ಬಂದರು, ಕೈಯಲ್ಲಿ ದಿಂಬಿನ ಕವರು. ಅದರ ಬಾಯಿ ತೆರೆದುಕೊಂಡಿತ್ತು, ಅವರದೂ ತೆರೆದುಕೊಂಡಿತ್ತು. ಅವರ ಹಿಂದೆ ಒಬ್ಬ ಅಜ್ಜಿ, “ನನ್ನ ಸ್ವೆಟರ್ ಮುಟ್ಟಿದೋನು ಯಾರು, ಮುಂದೆ ಬರ್ಲಿ!” ಎಂದು ಇಡೀ ಶಾಲೆಗೆ ಸವಾಲು ಹಾಕುತ್ತಾ ಬಂದರು.

ಗುಂಡಿ ಮಿಸ್ ಓಡಿ ಬಂದು ಎಲ್ಲರ ಕೈಗೂ ಗುಂಡಿ ಹಂಚಿದರು. “ಕ್ಷಮಿಸಿ, ಕ್ಷಮಿಸಿ, ನಾನು ತನ್ನಿ ಅನ್ಲಿಲ್ಲ. ‘ಯಾರು ಮನೆಯಿಂದ ಗುಂಡಿ ತರ್ತಾ ಇದೀರಾ?’ ಅಂತ ಕೇಳಿದೆ, ಅಷ್ಟೇ. ಇವರು ಮನೆಪಾಠ ಅಂದ್ಕೊಂಡ್ರು.”

“ಯಾಕ್ ಕೇಳಿದ್ರಿ?” ಎಂದೆ ನಾನು ಮೆಲ್ಲಗೆ.

“ಏನಿಲ್ಲ, ಸುಮ್ನೆ,” ಎಂದು ಮಿಸ್ ಮುಖ ತಿರುಗಿಸಿದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಏನೋ ಇದೆ, ಏನೆಂದು ಗೊತ್ತಿಲ್ಲ.

ಸೀಟಿ ಮೇಷ್ಟ್ರಂತೂ ನನ್ನನ್ನು ಮೂಲೆಗೆ ಎಳೆದುಕೊಂಡು ಹೋದರು. “ನೋಡಿದ್ರಾ? ನಾನು ಹಾಕಿದ್ದು ಮಾಯ. ಅಪ್ಪಂದಿರ ಅಂಗೀದು ಮಾಯ. ಅಜ್ಜಿ ಸ್ವೆಟರಿಂದು ಮಾಯ. ಇದು ಲೆಕ್ಕದ ವಿಷಯ ಅಲ್ಲ ಗುರುವೇ, ಇದು ಬೇರೇನೋ.” ಅವರ ದನಿ, ಅಪರೂಪಕ್ಕೆ, ಅವರದೇ ಆಗಿತ್ತು. ಹಾಗೇ ಸುಮ್ಮನಾಗುತ್ತಾರೆಂದುಕೊಂಡೆ. ಆದರೆ ಆ ಮನುಷ್ಯನ ತಲೆಗೆ ಹುಳ ಹೊಕ್ಕಿತ್ತು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಪ್ರತಿ ಡಬ್ಬಿಗೂ ಎರಡೆರಡು ಹಾಕಿ, ಮೈದಾನಕ್ಕೆ ಹೋದರು.

ಅವತ್ತು ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ ಬೇಕೆಂದು ನಾನು ಆಟದ ಸಾಮಾನಿನ ಕೋಣೆಗೆ ಹೋಗಿದ್ದೆ. ಆಗಿನ್ನೂ ಮೊದಲ ಗಂಟೆ ಹೊಡೆದು ಮುಗಿದಿರಲಿಲ್ಲ. ಆಚೆ ಒಂದನೇ ಕ್ಲಾಸಿನಲ್ಲಿ ಡಬ್ಬಿ ತೆರೆಯುವ ಸದ್ದು. ಅಭ್ಯಾಸಬಲ, ತೂತಿಗೆ ಕಣ್ಣಿಟ್ಟೆ.

ಮಕ್ಕಳು ಆಟ ಶುರುಮಾಡಿರಲಿಲ್ಲ. ಪ್ರತಿ ಜೋಡಿಯ ಮುಂದೆಯೂ ಮೊಟ್ಟೆ ಇಡುವ ರಟ್ಟಿನ ಟ್ರೇಯಿಂದ ಕತ್ತರಿಸಿದ ತುಂಡು. ಅದರಲ್ಲಿ ಐದೈದು ಕುಳಿಗಳ ಎರಡು ಸಾಲು. ಗುಂಡಿ ಮಿಸ್ ಚಪ್ಪಾಳೆ ತಟ್ಟಿ, “ಎಲ್ಲಾರನ್ನೂ ಮನೆ ಸೇರಿಸಿ ಮಕ್ಕಳೇ,” ಎಂದರು. ಮಕ್ಕಳು ಡಬ್ಬಿಯ ಗುಂಡಿಗಳನ್ನು ಒಂದು ಕುಳಿಗೆ ಒಂದರಂತೆ ಕೂರಿಸಿದರು. ಕುಳಿಗಳೆಲ್ಲ ತುಂಬಿದವು. ಕೈಯಲ್ಲಿ ಇನ್ನೂ ಎರಡು ಉಳಿದವು. ಒಬ್ಬರೂ ಹುಬ್ಬೇರಿಸಲಿಲ್ಲ. ಜೋಡಿಗೊಬ್ಬರು ಎದ್ದು, ಕಿಟಕಿಯ ಕಟ್ಟೆಯ ಮೇಲಿದ್ದ ಗಾಜಿನ ಭರಣಿಗೆ ಆ ಎರಡನ್ನು ಟಣ್ ಟಣ್ ಎಂದು ಹಾಕಿ, ಬಂದು ಕೂತರು. ಪಿಂಗಾಣಿ ತಟ್ಟೆ ತೊಳೆದಿಟ್ಟಷ್ಟು ಸಹಜವಾಗಿ.

ಭರಣಿ ಅರ್ಧಕ್ಕಿಂತ ಮೇಲೆ ನೀಲಿಯಾಗಿತ್ತು.

ನನ್ನ ಕೈಯಲ್ಲಿದ್ದ ಸುಣ್ಣದ ಡಬ್ಬ ಬೂಟಿನ ಮೇಲೆ ಬಿತ್ತು. ಆರು ವರ್ಷದ ಮಕ್ಕಳ ಜೇಬು, ಮೂಗು, ಬೆಂಚಿನ ಸಂದು, ಎಲ್ಲಿಗೆ ಬೇಕಾದರೂ ಗುಂಡಿ ಹೋಗುತ್ತದೆ. ಆದ್ದರಿಂದ ಆಟಕ್ಕೆ ಮುಂಚೆ ದಿನವೂ ಹತ್ತು ಸರಿಮಾಡಿಕೊಳ್ಳುವುದು ಆ ಕ್ಲಾಸಿನ ರೂಢಿ. ಕಡಿಮೆ ಬಿದ್ದರೆ ಭರಣಿಯಿಂದ ತೆಗೆದುಕೊಳ್ಳುವುದು, ಹೆಚ್ಚಾದರೆ ಭರಣಿಗೆ ಹಾಕುವುದು. ಸೀಟಿ ಮೇಷ್ಟ್ರು ಆ ಹೊತ್ತಿಗೆ ಯಾವಾಗಲೂ ಮೈದಾನದಲ್ಲಿ ದೊಡ್ಡ ಮಕ್ಕಳ ಕೈ ಮೇಲೆತ್ತಿಸುತ್ತಿರುತ್ತಾರೆ. ಅವರು ತೂತಿನ ಬಳಿ ಬರುವ ವೇಳೆಗೆ ಅವರ ತುಂಟತನವೆಲ್ಲ ಭರಣಿ ಸೇರಿ ತಣ್ಣಗಾಗಿರುತ್ತದೆ. ಮಿಸ್ ಪಾಪ, ಈ ನೀಲಿ ಗುಂಡಿ ಎಲ್ಲಿಂದ ಹುಟ್ಟುತ್ತಿವೆ ಎಂದು ತಿಳಿಯದೆ, ಗುಂಡಿಯ ಲೆಕ್ಕವೇ ಇಡಲಾಗದವಳು ಎಂದು ದೊಡ್ಡ ಮೇಡಂ ಅಂದಾರೆಂದು ಯಾರಿಗೂ ಹೇಳಲಾರದೆ, ಮಕ್ಕಳನ್ನು ಮಾತ್ರ ಕೇಳಿ, ಅಪ್ಪಂದಿರ ಅಂಗಿಗೆ ಸಂಚಕಾರ ತಂದಿದ್ದರು.

ಹೋಗಿ ಹೇಳಿಬಿಡೋಣ ಎಂದು ಎದ್ದೆ. ಅಷ್ಟರಲ್ಲಿ ಆಚೆ ಬಾಗಿಲ ಬಳಿ ಗಂಟಲು ಸರಿಮಾಡಿಕೊಂಡ ಸದ್ದು. ಝಲ್.

“ಏನಮ್ಮಾ ಇದೂ…”

ಗುಂಡಿ ಮಿಸ್ ಬಾಗಿಲಿಗೆ ಬೆನ್ನು ಹಾಕಿದ್ದರು. ತಿರುಗದೆಯೇ ಹೇಳಿದರು: “ಬನ್ನಿ ಮಹಾರಾಯರೇ, ಬನ್ನಿ. ಇವತ್ತು ‘ದೂ’ ಸ್ವಲ್ಪ ಗಿಡ್ಡ ಆಯ್ತು, ಇನ್ನೂ ಎಳೀಬೇಕು.”

ಮಕ್ಕಳೆಲ್ಲ ಎದ್ದು ನಿಂತದ್ದು ನೋಡಿ ಅವರು ತಿರುಗಿದರು. ಬಾಗಿಲಲ್ಲಿ ನಿಜವಾದ ಕೀಲಿಗೊಂಚಲು, ನಿಜವಾದ ಕನ್ನಡಕ, ನಿಜವಾದ ದೊಡ್ಡ ಮೇಡಂ. ಮಿಸ್ ಮುಖ ಹತ್ತಿಯ ಹಾಗೆ ಬಿಳಿಚಿತು.

“ಎಳೀಬೇಕಾ?” ಎಂದರು ಮೇಡಂ. “ಅದನ್ನ ಆಮೇಲೆ ನೋಡೋಣ. ಒಂದಿನ ಬಂದು ನೋಡ್ತೀನಿ ಅಂದಿದ್ನಲ್ಲ, ಆ ದಿನ ಇವತ್ತೇ. ಲೆಕ್ಕ ಬಂದ್ರೆ ಡಬ್ಬಿ ಇರ್ಲಿ. ಇಲ್ಲಾಂದ್ರೆ ಇವತ್ತೇ ಸ್ಟೋರಿಗೆ.”

ನನ್ನ ಹಿಂದೆ ಉಸಿರು ಸಿಕ್ಕಿಹಾಕಿಕೊಂಡ ಸದ್ದಾಯಿತು. ಸೀಟಿ ಮೇಷ್ಟ್ರು ತಡೆಯಲಾರದೆ ಇವತ್ತು ಬೇಗನೇ ಮೈದಾನದಿಂದ ಬಂದು ನಿಂತಿದ್ದರು. ಆ ಮಾತನ್ನು ಕೇಳಿಸಿಕೊಂಡಿದ್ದರು.

“ಅಯ್ಯಯ್ಯೋ,” ಎಂದರು. “ಇವತ್ತೇ ಎರಡೆರಡು ಹಾಕಿದೀನಲ್ಲೋ!”

“ಮೇಷ್ಟ್ರೇ, ನಿಲ್ಲಿ, ಒಂದ್ನಿಮಿಷ, ಅದು…” ಎಂದು ತೋಳು ಹಿಡಿದೆ. ಕೈಯಲ್ಲಿ ಸುಣ್ಣ. ಜಾರಿತು. ತೋಳಿನ ಮೇಲೆ ನನ್ನ ಐದು ಬೆರಳಿನ ಬಿಳಿ ಗುರುತು ಹೊತ್ತು ಅವರು ಹೊರಗೋಡಿ ಒಂದನೇ ಕ್ಲಾಸಿಗೆ ನುಗ್ಗಿಯೇ ಬಿಟ್ಟರು. ನಾನು ಮತ್ತೆ ತೂತಿಗೆ ಕಣ್ಣಿಟ್ಟೆ.

“ಏನ್ ಮೇಷ್ಟ್ರೇ?” ಎಂದರು ಮೇಡಂ.

“ಪಂಪು,” ಎಂದರು ಸೀಟಿ ಮೇಷ್ಟ್ರು. “ಚೆಂಡಿಗೆ ಗಾಳಿ ಹಾಕೋ ಪಂಪು. ಇಲ್ಲಿ ಬಿಟ್ಟಿದ್ನಾ ಅಂತ.” ಹೇಳುತ್ತಾ ಮಿಸ್ ಕಡೆಗೆ ಕಣ್ಣಲ್ಲೇ ಏನೋ ಸನ್ನೆ ಮಾಡಿದರು. ಎರಡು ಬೆರಳು ತೋರಿಸಿದರು. ಡಬ್ಬಿ ತೋರಿಸಿದರು. ಮತ್ತೆ ಎರಡು ಬೆರಳು. ಮಿಸ್‌ಗೆ ಏನೂ ಅರ್ಥವಾಗಲಿಲ್ಲ. ಮುಂದಿನ ಬೆಂಚಿನ ಹುಡುಗ ಮಾತ್ರ ಎದ್ದು ನಿಂತು, “ಮಿಸ್, ಮೇಷ್ಟ್ರಿಗೆ ಎರಡಕ್ಕೆ ಹೋಗ್ಬೇಕಂತೆ,” ಎಂದ.

ಮೇಡಂ ನಗಲಿಲ್ಲ. “ಬಂದಿದ್ದು ಒಳ್ಳೇದಾಯ್ತು. ಈ ಮಕ್ಕಳು ತಮ್ಮತಮ್ಮಲ್ಲೇ ಸನ್ನೆ ಮಾಡ್ಕೊಂಡು ಹೇಳ್ತಾವೋ ಏನೋ, ಯಾರಿಗ್ಗೊತ್ತು. ಹೊರಗಿನವರೊಬ್ರು ಆಡಿದ್ರೆ ಗೊತ್ತಾಗತ್ತೆ. ಕೂತ್ಕೊಳ್ಳಿ, ನೀವೇ ಆಡಿ. ಯಾರ ಜೊತೆ ಆಡ್ತೀರಿ?” ಎಂದು ಕಣ್ಣಾಡಿಸಿ, “ಇವಳು. ಬೂಟು ನೋಡೋಳು,” ಎಂದು ಗಪ್‌ಚಿಪ್‌ಳ ಬೆಂಚು ತೋರಿಸಿದರು.

ಗುಂಡಿ ಮಿಸ್ ಮೇಜಿನ ಅಂಚನ್ನು ಹಿಡಿದುಕೊಂಡರು.

ಸೀಟಿ ಮೇಷ್ಟ್ರು ಅಂಗೈಯಗಲದ ಬೆಂಚಿನ ಮೇಲೆ ಮಂಡಿಯನ್ನು ಕಿವಿಯವರೆಗೆ ಮಡಚಿ ಕೂತರು. ಕಣ್ಣು ಮುಚ್ಚಿದರು. ಅವರ ತಲೆಯೊಳಗೆ ಏನು ನಡೆದಿತ್ತೆಂದು ಆಮೇಲೆ ಅವರೇ ಹೇಳಿದರು: ಡಬ್ಬಿಯಲ್ಲಿರುವುದು ಹನ್ನೆರಡು, ಲೋಟದಡಿ ಇರುವುದನ್ನು ಇರುವ ಹಾಗೆ ಹೇಳಿಬಿಡೋಣ, ಎತ್ತಿದಾಗ ತಾಳೆ ಬಿದ್ದರೆ ಮಿಸ್ ಮಾನ ಉಳಿಯುತ್ತದೆ, ಲೆಕ್ಕದ ಮಾನ ಹೋದರೆ ಹೋಗಲಿ.

ಗಪ್‌ಚಿಪ್ ಲೋಟ ಕವುಚಿದಳು. ಮೇಷ್ಟ್ರು ಕಣ್ಣು ಬಿಟ್ಟರು. ಹೊರಗೆ ಏಳು ಗುಂಡಿ.

“ಐದು!” ಎಂದರು ಧೈರ್ಯವಾಗಿ.

ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಂಡರು. ಗಪ್‌ಚಿಪ್ ಲೋಟ ಎತ್ತಿದಳು. ಮೂರು ಗುಂಡಿ, ಮೂರೇ.

“ಅರೆ!” ಎಂದು ಮೇಷ್ಟ್ರು ಲೋಟವನ್ನು ಕಿತ್ತುಕೊಂಡು ಅದರೊಳಗೆ ಕೈ ಹಾಕಿ ತಡಕಿದರು. ಬೆಂಚಿನ ಕೆಳಗೆ ಬಗ್ಗಿದರು.

“ಏಳೂ ಐದೂ ಹತ್ತಾ ಮೇಷ್ಟ್ರೇ?” ಮೇಡಂ ದನಿಯಲ್ಲಿ ಗಾಬರಿಯಿತ್ತು. “ಇನ್ನೊಂದ್ಸಲ ಆಡಿ.”

ಇನ್ನೊಂದು ಸಲ. ಹೊರಗೆ ನಾಲ್ಕು. ಮೇಷ್ಟ್ರು ಬೆವರು ಒರೆಸಿಕೊಂಡು, ಈ ಸಲ ಕೇಳುವ ದನಿಯಲ್ಲಿ, “ಎಂಟು…?” ಎಂದರು.

ಲೋಟ ಎತ್ತಿದರೆ ಆರು. ಇನ್ನು ಮಕ್ಕಳಿಗೆ ತಡೆಯಲಾಗಲಿಲ್ಲ. “ಮೇಷ್ಟ್ರಿಗೆ ಕೂಡೋಕೆ ಬರಲ್ಲ! ಮೇಷ್ಟ್ರಿಗೆ ಕೂಡೋಕೆ ಬರಲ್ಲ!” ಎಂದು ಬೆಂಚು ಬಡಿದರು. ಮೈದಾನದಲ್ಲಿ ಒಂದು ಸೀಟಿಗೆ ಇಡೀ ಶಾಲೆಯನ್ನು ಕಲ್ಲಾಗಿಸುವ ಮನುಷ್ಯ, ತನ್ನ ಕೈಬೆರಳುಗಳನ್ನು ಯಾರದೋ ಎಂಬಂತೆ ನೋಡಿಕೊಳ್ಳುತ್ತಾ ಕೂತಿದ್ದರು.

ಆಗ ಗಪ್‌ಚಿಪ್ ಅವರ ಅಂಗಿಯ ತೋಳನ್ನು ಎಳೆದಳು.

“ಅಳ್ಬೇಡಿ ಮೇಷ್ಟ್ರೇ,” ಎಂದಳು. ಕ್ಲಾಸು ಥಟ್ಟನೆ ಸುಮ್ಮನಾಯಿತು. ಆ ದನಿಯನ್ನು ಅದು ಕೇಳಿಯೇ ಇರಲಿಲ್ಲ. “ತಪ್ಪಾದ್ರೆ ಇಲ್ಲಿ ಯಾರೂ ಬೈಯಲ್ಲ. ಇಲ್ ನೋಡಿ, ಇದು ಮನೆ.” ಮೊಟ್ಟೆ ಟ್ರೇಯ ತುಂಡನ್ನು ಅವರ ಮುಂದೆ ಎಳೆದಳು. ಹೊರಗಿದ್ದ ನಾಲ್ಕು ಗುಂಡಿಗಳನ್ನು ಕುಳಿಗಳಲ್ಲಿ ಕೂರಿಸಿದಳು. “ನಾಲ್ಕು ಜನ ಬಂದ್ರು. ಈ ಸಾಲಲ್ಲಿ ಒಂದು ಮನೆ ಖಾಲಿ, ಆ ಸಾಲು ಪೂರ್ತಿ ಖಾಲಿ. ಒಂದೂ ಐದೂ ಎಷ್ಟು?”

“ಆರು,” ಎಂದರು ಮೇಷ್ಟ್ರು.

“ನೋಡಿ, ಬಂತು! ಈಗ ನೀವು ಮುಚ್ಚಿ, ನಾನು ಹೇಳ್ತೀನಿ.”

ಮೇಷ್ಟ್ರು ಲೋಟ ಕವುಚಿದರು. “ಎರಡು,” ಎಂದಳು, ಇನ್ನೂ ಅವರು ಕೈ ತೆಗೆಯುವ ಮುನ್ನವೇ. ಮತ್ತೊಂದು ಸಲ, “ಐದು.” ಮತ್ತೊಂದು ಸಲ, “ಒಂದೂ ಇಲ್ಲ. ನೀವು ಮೋಸ ಮಾಡ್ತಿದೀರ, ಎಲ್ಲಾ ಹೊರಗೇ ಇಟ್ಟಿದೀರ.” ಒಂದು ಸಲವೂ ಬೆರಳು ಮಡಚಲಿಲ್ಲ, ಒಂದು ಸಲವೂ ಬೂಟು ನೋಡಲಿಲ್ಲ.

ದೊಡ್ಡ ಮೇಡಂ ಕೀಲಿಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಅವಳ ಬೆಂಚಿನ ಬಳಿ ಬಗ್ಗಿ, “ನಾಲ್ಕೂ ಮೂರೂ ಎಷ್ಟು ಮರೀ?” ಎಂದು ಕೇಳಿದರು. ಸೇರಿಸಿಕೊಳ್ಳುವ ದಿನ ಕೇಳಿದ ಅದೇ ಪ್ರಶ್ನೆ.

ಗಪ್‌ಚಿಪ್ ಟ್ರೇಯ ಕಡೆ ಒಮ್ಮೆ ನೋಡಿದಳು. “ಏಳು. ಇನ್ನೂ ಮೂರು ಮನೆ ಖಾಲಿ ಇದೆ. ನೀವೂ ಆಡ್ತೀರಾ?”

ಮೇಡಂ ನೆಟ್ಟಗೆ ನಿಂತರು. ಗಂಟಲು ಸರಿಮಾಡಿಕೊಂಡರು. “ಡಬ್ಬಿ ಇರ್ಲಿ, ಮಿಸ್. ಆಟದ ಪೀರಿಯಡ್ಡೂ ಇರ್ಲಿ. ಡ್ರಿಲ್ ಮೇಷ್ಟ್ರಿಗೂ ದಿನಾ ಒಂದು ಬೆಂಚು ಹಾಕ್ಸಿ, ಪಾಪ, ಬಹಳ ಹಿಂದಿದಾರೆ.” ಗುಂಡಿ ಮಿಸ್ ಮೇಜಿನ ಅಂಚು ಬಿಟ್ಟು, ಕುರ್ಚಿಯಿರುವಲ್ಲಿ ಕೂರಲು ಹೋಗಿ, ಕುರ್ಚಿಯಿಲ್ಲದ ಕಡೆ ಕೂತರು. ಸದ್ಯ, ಕೆಳಗೆ ಬಾಟಲಿಗಳಿರಲಿಲ್ಲ.

ಮೇಡಂ ಹೊರಟವರು ಕಿಟಕಿಯ ಬಳಿ ನಿಂತರು. ಭರಣಿ ಎತ್ತಿ ಬೆಳಕಿಗೆ ಹಿಡಿದರು. “ಇದೇನಮ್ಮಾ ಇದೂ…”

ನೆಲದಿಂದ ಏಳುತ್ತಿದ್ದ ಮಿಸ್ ಅರ್ಧಕ್ಕೇ ನಿಂತರು. “ಗೊತ್ತಿಲ್ಲ ಮೇಡಂ. ನಿಜವಾಗ್ಲೂ ಗೊತ್ತಿಲ್ಲ. ದಿನಾ ಹುಟ್ಕೋತಾವೆ.”

“ಅವು ಮನೆ ಇಲ್ಲದ ಗುಂಡಿಗಳು,” ಎಂದು ಗಪ್‌ಚಿಪ್ ಸೀಟಿ ಮೇಷ್ಟ್ರಿಗೆ ವಿವರಿಸಿದಳು. ಈಗ ಅವಳ ಶಿಷ್ಯರಲ್ಲವೇ. “ದಿನಾ ನಮ್ಮ ಡಬ್ಬೀಲಿ ಯಾರೋ ಜಾಸ್ತಿ ಹಾಕ್ತಾರೆ. ನಾವು ತೆಗೆದು ಅಲ್ಲಿ ಹಾಕ್ತೀವಿ. ಪಾಪ, ಅವರಿಗೆ ಹತ್ತರವರೆಗೆ ಎಣಿಸೋಕೆ ಬರಲ್ಲ ಅನ್ಸತ್ತೆ.”

ಸೀಟಿ ಮೇಷ್ಟ್ರು ಭರಣಿ ನೋಡಿದರು. ಟ್ರೇ ನೋಡಿದರು. ಮತ್ತೆ ಭರಣಿ ನೋಡಿದರು. ಅವರ ಮುಖದಲ್ಲಿ ಒಂದೊಂದೇ ಗುಂಡಿ ಒಂದೊಂದೇ ಮನೆ ಸೇರುವುದು ತೂತಿನಿಂದಲೂ ಕಾಣುತ್ತಿತ್ತು.

“ಈ ನೀಲಿ ಗುಂಡಿ ನಂಗೊತ್ತು,” ಎಂದರು ದೊಡ್ಡ ಮೇಡಂ ನಿಧಾನವಾಗಿ. “ನಾನೇ ಆರಿಸಿದ್ದು. ಹಳೇ ಡ್ರಿಲ್ ಡ್ರೆಸ್ಸಿಂದು. ಉಳಿದದ್ದನ್ನ ಒಂದು ಚೀಲದಲ್ಲಿ ಕಟ್ಟಿ ಆಟದ ಸಾಮಾನಿನ ಕೋಣೆ ಬೀರೂಲಿ ಇಡ್ಸಿದ್ದೆ…”

ಮಾತು ನಿಂತಿತು. ಮೇಡಂ ತಿರುಗಿದರು. ಮಿಸ್ ತಿರುಗಿದರು. ಎಲ್ಲ ಬೆಂಚುಗಳೂ ತಿರುಗಿದವು. ಮೊದಲು ನಕ್ಕದ್ದು ಗುಂಡಿ ಮಿಸ್, ಕಣ್ಣಲ್ಲಿ ನೀರು ತುಂಬಿಕೊಂಡು. ಆಮೇಲೆ ದೊಡ್ಡ ಮೇಡಂ, ಕೀಲಿಗೊಂಚಲನ್ನು ಬಾಯಿಗೆ ಅಡ್ಡ ಹಿಡಿದು, ಹಾಗಾಗಿ ಅವರ ನಗು ಝಲ್ ಝಲ್ ಎಂದಿತು. ಏಕೆ ಎಂದು ತಿಳಿಯದೆ ಮಕ್ಕಳು ನಕ್ಕರು. ಹಲಗೆಯ ಈಚೆ ನಾನು ಸುಣ್ಣದಲ್ಲಿ ಕೂತು ನಕ್ಕೆ. ಆದರೆ ಇವರೆಲ್ಲರ ಸದ್ದನ್ನೂ ಮುಳುಗಿಸಿ, ಮಂಡಿಯನ್ನು ಕಿವಿಗೆ ಒತ್ತಿಕೊಂಡು, ಆ ಪುಟ್ಟ ಬೆಂಚನ್ನು ಕಿರುಗುಟ್ಟಿಸುತ್ತಾ, ಯಾರ ದನಿಯನ್ನೂ ಎರವಲು ತಾರದೆ ತಮ್ಮದೇ ದನಿಯಲ್ಲಿ, ಮೈದಾನದ ಆ ತುದಿಯಲ್ಲಿದ್ದ ಮಕ್ಕಳು ಸೀಟಿ ಊದಿದರೆಂದು ಸಾಲು ನಿಲ್ಲುವಷ್ಟು ಗಟ್ಟಿಯಾಗಿ ನಕ್ಕವರು ಸೀಟಿ ಮೇಷ್ಟ್ರು.